ಯಾವುದಕ್ಕೆ ಗಟ್ಟಿ

ಫೆಬ್ರವರಿ 3, ಸೋಮವಾರ

ರಜೆ ಮುಗಿಯಿತು. ಇವತ್ತು ಕೆಲಸಕ್ಕೆ ಹೋದೆ. ಪರೀಕ್ಷಾ ಕೋಣೆಯಲ್ಲಿ ನನ್ನ ಮೇಜಿನ ಮೇಲೆ ಈ ಡೈರಿ ಇತ್ತು. ಗ್ಯಾಸ್ ಸಿಲಿಂಡರ್ ಪೂರೈಸುವ ಕಂಪನಿಯವರು ವರ್ಷದ ಮೊದಲಲ್ಲಿ ಎಲ್ಲರಿಗೂ ಹಂಚಿದ್ದಂತೆ. ಜನವರಿಯ ಹಾಳೆಗಳು ಖಾಲಿ. ಖಾಲಿಯೇ ಇರಲಿ.

ಎಲ್ಲರೂ ಬಂದು ಕೈ ಹಿಡಿದರು. ಎಲ್ಲರದ್ದೂ ಒಂದೇ ಮಾತು, "ಗಟ್ಟಿಯಾಗಿರಿ." ಆಗಲಿ ಎಂದೆ. ಫರ್ನೇಸ್ ನೋಡಿಕೊಳ್ಳುವ ದೊಡ್ಡಣ್ಣ ಮಾತ್ರ ಏನೂ ಹೇಳದೆ ಚಹಾ ತಂದಿಟ್ಟು ಹೋದ. ಅವನು ಬಾಯಿ ಮುಚ್ಚಿಕೊಂಡು ಹೋದದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ.

ಸಂಜೆ ಬೀಗದ ಕೈ ಹಾಕಿ ನಾನೇ ಬಾಗಿಲು ತೆಗೆದೆ. ಮೊದಲು ಬೀಗದ ಕೈ ಒಯ್ಯುತ್ತಿರಲಿಲ್ಲ. ಇವಳು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದಳು. "ಬಂದ್ರಾ?" ಎಂದಳು. ಬಂದೆ ಎಂದೆ.

ಬರೆಯಲು ಬೇರೇನೂ ಇಲ್ಲ.

ಫೆಬ್ರವರಿ 5, ಬುಧವಾರ

ಹೊಸ ಕೆಲಸ ಬಂದಿದೆ. ಅದು ಒಳ್ಳೆಯದು.

ನಮ್ಮಲ್ಲಿ ಮಾಡುವುದು ವಿಮಾನದ ಚಕ್ರದ ಬ್ರೇಕಿನ ತಟ್ಟೆ. ಕಾರ್ಬನ್ ನಾರಿನಿಂದ ನೇಯ್ದ ಬಟ್ಟೆಯನ್ನು ಪದರ ಪದರವಾಗಿ ಜೋಡಿಸಿ, ಸಂದಿಗಳಲ್ಲಿ ಕಾರ್ಬನ್ನನ್ನೇ ತುಂಬಿ ಮಾಡುತ್ತಾರೆ. ಕೊನೆಗೆ ಅದನ್ನು ಗಾಳಿಯೇ ಇಲ್ಲದ ಫರ್ನೇಸಿನಲ್ಲಿ ಇನ್ನೊಮ್ಮೆ ಕಾಯಿಸಬೇಕು. ಎಷ್ಟು ಕಾಯಿಸಬೇಕು ಎಂಬುದೇ ಪ್ರಶ್ನೆ. ವಿಮಾನ ಇಳಿದು ಬ್ರೇಕ್ ಹಾಕಿದಾಗ ತಟ್ಟೆ ಕೆಂಪಗಾಗುತ್ತದೆ. ಕೆಂಪಗಾದ ಕಾರ್ಬನ್ನನ್ನು ಗಾಳಿ ತಿನ್ನುತ್ತದೆ. ಕಬ್ಬಿಣದ ತುಕ್ಕಿನ ಹಾಗೆ ಪುಡಿಯೂ ಉಳಿಯುವುದಿಲ್ಲ, ಹೊಗೆಯೂ ಕಾಣುವುದಿಲ್ಲ. ಇದ್ದದ್ದು ಇಲ್ಲವಾಗುತ್ತದೆ, ಅಷ್ಟೆ.

ನಮ್ಮ ವಿಭಾಗ ನೋಡಿಕೊಳ್ಳುವ ಮೇಡಂ ಮೂರು ಬಗೆ ಮಾಡಿಸುತ್ತಿದ್ದಾರೆ. ಕಡಿಮೆ ಕಾಯಿಸಿದ್ದು, ನಡುವಿನದು, ಹೆಚ್ಚು ಕಾಯಿಸಿದ್ದು. ಕಡಿಮೆ ಎಂದರೂ ಕಬ್ಬಿಣ ನೀರಾಗುವಷ್ಟು ಬಿಸಿ. ನನ್ನ ಪಾಲಿನ ಕೆಲಸ ಬೆರಳಿನಷ್ಟು ಪಟ್ಟಿ ಕತ್ತರಿಸುವುದು, ತೂಗುವುದು, ಬಿಸಿಗಾಳಿಯ ಒಲೆಯಲ್ಲಿ ಇಡುವುದು, ಮತ್ತೆ ತೂಗುವುದು. ಎಷ್ಟು ಹೋಯಿತು ಎಂದು ಬರೆಯುವುದು.

ದೊಡ್ಡಣ್ಣನ ನಾಲಿಗೆ ಮರಳಿ ಬಂದಿದೆ. "ನನ್ನ ಫರ್ನೇಸ್‌ಗೆ ಗಾಳಿ ಆಗಲ್ಲ, ನನ್ನ ಹೆಂಡ್ತಿಗೆ ನನ್ನ ಸ್ನೇಹಿತರು ಆಗಲ್ಲ. ಎರಡು ಕಡೆನೂ ಬಾಗಿಲು ಹಾಕಿಟ್ರೇನೇ ನಂಗೆ ಉಳಿಗಾಲ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು.

ಫೆಬ್ರವರಿ 11, ಮಂಗಳವಾರ

ಕತ್ತರಿಸಿದೆ. ತೂಗಿದೆ. ಊಟ ಮಾಡಿದೆವು. ಮಲಗಿದೆವು.

ಫೆಬ್ರವರಿ 20, ಗುರುವಾರ

ಮೊದಲ ಲೆಕ್ಕ ಸಿಕ್ಕಿತು. ಕಡಿಮೆ ಕಾಯಿಸಿದ ಪಟ್ಟಿಯನ್ನು ಗಾಳಿ ಚೆನ್ನಾಗಿ ತಿಂದಿದೆ. ಅಂಚುಗಳು ಇಲಿ ಕಡಿದ ಬಟ್ಟೆಯಂತಾಗಿವೆ. ಹೆಚ್ಚು ಕಾಯಿಸಿದ ಪಟ್ಟಿ ಒಲೆಗೆ ಹೋದಂತೆಯೇ ಹೊರಗೆ ಬಂತು. ಕರ್ರಗೆ, ನುಣ್ಣಗೆ, ಏನೂ ಆಗದವರ ಹಾಗೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ನನಗೆ ಅದು ಹಿಡಿಸಿತು.

ಸಂಜೆ ಮೆಟ್ಟಿಲ ಬುಡದಲ್ಲಿ ಟೈಲರಮ್ಮ ತಡೆದರು. ಕೆಳಗಿನ ಮನೆ ಅವರದು, ಮೇಲಿನದನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದಾರೆ. "ಏನಪ್ಪಾ, ಕಳ್ಳನ ಹಾಗೆ ಬರ್ತೀಯಲ್ಲ! ನೀನು ರಸ್ತೇಲಿ ನಿಂತು ಕೂಗಿದ್ಮೇಲೇ ನಾನು ಮಶೀನ್ ಮುಚ್ತಿದ್ದೆ. ಈಗ ಕತ್ತಲಾಗಿದ್ದೇ ಗೊತ್ತಾಗದೆ ಹೊಲೀತಾ ಕೂತಿರ್ತೀನಿ. ಕಣ್ಣು ಹೋದ್ರೆ ನೀನೇ ಕನ್ನಡಕ ಕೊಡಿಸ್ಬೇಕು" ಎಂದರು. ಹೇಳುತ್ತಿದ್ದ ಹಾಗೇ ಅವರಿಗೆ ನೆನಪಾಯಿತು. ಸೆರಗು ಬಾಯಿಗೆ ಒತ್ತಿಕೊಂಡರು. "ಪರವಾಗಿಲ್ಲ" ಎಂದು ನಾನೇ ಅವರಿಗೆ ಸಮಾಧಾನ ಹೇಳಿದೆ. "ನೀನು ಗಟ್ಟಿ ಇದ್ದೀಯ ಬಿಡು" ಎಂದರು.

ಹೌದು, ಕೂಗುತ್ತಿದ್ದೆ. ಕೆಲಸದಿಂದ ಬಂದವನು ರಸ್ತೆಯಲ್ಲೇ ನಿಂತು ಕೂಗುವುದು, ಮೇಲಿಂದ ಮಗು ಮೆಟ್ಟಿಲು ಹಾರಿಕೊಂಡು ಬರುವುದು, ಬಾಗಿಲು ತೆರೆಯುವುದು. ನಾನೇ ಇಟ್ಟ ಅಡ್ಡಹೆಸರು. ಇಡೀ ಬೀದಿಗೆ ಗೊತ್ತಿತ್ತು.

ಅದು ಜನವರಿಗೇ ಮುಗಿಯಿತು.

ಮಾರ್ಚ್ 2, ಭಾನುವಾರ

ಇವಳು ಬಟ್ಟೆ ಮಡಚುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು.

"ರೀ, ಒಂದ್ಸಲ ಕೆಳಗೆ ಹೋಗಿ ಕೂಗ್ತೀರಾ?"

"ಯಾರನ್ನ?"

"ಯಾರನ್ನ ಅಂತ ಕೇಳ್ತೀರಲ್ಲ."

ನಾನು ಪತ್ರಿಕೆ ಮಡಚಿಟ್ಟೆ. ಕೂಗಿದರೆ ಏನು ಬಂತು ಎಂದೆ. ಏನೂ ಬರಲ್ಲ, ಅದು ನಂಗೂ ಗೊತ್ತು ಎಂದಳು. ಮನೆಯಲ್ಲಿ ಆ ಹೆಸರು ಕೇಳಿ ಎಷ್ಟು ದಿನವಾಯಿತು, ತನ್ನ ಬಾಯಲ್ಲಿ ಅದು ಸರಿಯಾಗಿ ಬರುವುದಿಲ್ಲ, ನೀವು ಕೂಗಿದ ಹಾಗೆ ಬರುವುದಿಲ್ಲ ಎಂದಳು.

"ನಾವು ಗಟ್ಟಿಯಾಗಿರಬೇಕು ಕಣೇ" ಎಂದೆ.

"ಗಟ್ಟಿಯಾಗಿರಿ ಅಂತ ನಾನೆಲ್ಲಿ ಅಂದೆ? ಗಟ್ಟಿಯಾಗಿ ಕೂಗಿ ಅಂದೆ."

ನಾನು ಸ್ನಾನಕ್ಕೆ ಎದ್ದು ಹೋದೆ. ನಲ್ಲಿ ಬಿಟ್ಟುಕೊಂಡು ಸುಮಾರು ಹೊತ್ತು ನಿಂತಿದ್ದೆ. ನೀರು ಸುಮ್ಮನೆ ಹರಿದುಹೋಯಿತು.

ಮಾರ್ಚ್ 6, ಗುರುವಾರ

ಇವತ್ತು ತಪ್ಪು ಮಾಡಿದೆ.

ಕಡಿಮೆ ಕಾಯಿಸಿದ ಬಗೆಯ ಕೆಲವು ಪಟ್ಟಿಗಳನ್ನು ಬಿಸಿಗಾಳಿಯಲ್ಲಿ ಸ್ವಲ್ಪವೇ ಹೊತ್ತು ಇಟ್ಟು ತೆಗೆಯಬೇಕಿತ್ತು. ತೂಗಿದೆ. ಹೋದದ್ದು ಏನೇನೂ ಅಲ್ಲ, ಉಫ್ ಎಂದರೆ ಹಾರುವಷ್ಟು. ಮೇಲೆ ನೋಡಿದರೂ ಹೊಸದರಂತಿತ್ತು. 'ಸರಿ ಇದೆ' ಎಂದು ಚೀಟಿ ಅಂಟಿಸಿ ಆಚೆ ಇಟ್ಟೆ. ಬಾಗಿಸಿ ನೋಡುವ ಯಂತ್ರಕ್ಕೆ ಕೊಡಲೇ ಇಲ್ಲ.

ಮಧ್ಯಾಹ್ನ ಮೇಡಂ ಅವುಗಳಲ್ಲಿ ಒಂದನ್ನು ತಾವೇ ಯಂತ್ರಕ್ಕೆ ಹಾಕಿದರು. ಅರ್ಧ ಭಾರಕ್ಕೇ ಮುರಿಯಿತು. ನನ್ನನ್ನು ಕರೆದರು. ಬೈಯಲಿಲ್ಲ. "ತೂಕ ಹೋಗಿರೋದು ಚೂರೇ ಚೂರು. ಆದರೆ ಎಲ್ಲಿಂದ ಹೋಗಿದೆ ನೋಡಿ" ಎಂದು ಭೂತಗನ್ನಡಿಯ ಕೆಳಗೆ ಇಟ್ಟರು. "ಗಾಳಿ ಮೇಲಿಂದಷ್ಟೇ ಕೆರೆಯಲ್ಲ. ನಾರು, ಅದನ್ನ ಹಿಡ್ಕೊಂಡಿರೋ ಕಾರ್ಬನ್, ಇವೆರಡೂ ಸೇರೋ ಜಾಗ ಇದೆಯಲ್ಲ, ಅಲ್ಲಿ ನುಗ್ಗುತ್ತೆ. ಎರಡೂ ಇರ್ತವೆ. ನಡುವಿನ ಹಿಡಿತ ಹೋಗಿರುತ್ತೆ."

ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಬಾಗಿಸದೆ 'ಸರಿ ಇದೆ' ಎಂದು ಬರೆಯಬಾರದು ಎಂದು ಹೊಸಬರಿಗೆ ನಾನೇ ಹೇಳಿಕೊಡುವುದು.

ಮನೆಗೆ ಬಂದು ನೋಡಿದರೆ ಇವಳು ಉಂಗುರಕ್ಕೆ ದಾರ ಸುತ್ತುತ್ತಿದ್ದಳು. ಪಾತ್ರೆ ತೊಳೆಯುವಾಗ ಜಾರಿ ಬೀಳುತ್ತದಂತೆ. ಸ್ವಲ್ಪ ಇಳಿದಿದ್ದಾಳೆ, ಅಷ್ಟೆ ಎಂದುಕೊಂಡಿದ್ದೆ.

ಮಾರ್ಚ್ 7, ಶುಕ್ರವಾರ

ಆ ಪಟ್ಟಿಗಳನ್ನೆಲ್ಲ ಮತ್ತೆ ಮಾಡಿದೆ. ಇವಳಿಗೆ ಊಟ ಸರಿಯಾಗಿ ಮಾಡು ಎಂದೆ. ಹೂಂ ಎಂದಳು.

ಮಾರ್ಚ್ 15, ಶನಿವಾರ

ಟೈಲರಮ್ಮ ಮೆಟ್ಟಿಲಿನ ಕಂಬಿ ಸರಿಮಾಡಿಸಿದರು.

ಅದು ತುಂಬ ದಿನದಿಂದ ಸಡಿಲವಾಗಿತ್ತು. ಮಗು ಅದನ್ನು ಹಿಡಿದುಕೊಂಡು ಎರಡೆರಡು ಮೆಟ್ಟಿಲು ಹಾರುತ್ತಿದ್ದುದರಿಂದಲೇ ಸಡಿಲವಾದದ್ದು. ಹಾರಿದಾಗಲೆಲ್ಲ ಕಂಬಿ ಗಡಗಡ ಎನ್ನುತ್ತಿತ್ತು. 'ನನ್ನ ಕಂಬಿ ಕಿತ್ತು ನಿನ್ನ ಅಪ್ಪನ ಕೈಗೆ ಕೊಡ್ತೀನಿ' ಎಂದು ಟೈಲರಮ್ಮ ಬೈಯುತ್ತಿದ್ದರು, ಬೈದು ಪೆಪ್ಪರಮಿಂಟು ಕೊಡುತ್ತಿದ್ದರು. ಪಾಪ, ಅವರಿಗೆ ಕೆಟ್ಟ ಮನಸ್ಸೇನಿಲ್ಲ. ಕಂಬಿಯ ಸದ್ದು ಕೇಳಿದರೆ ನಮಗೆ ಸಂಕಟವಾಗಬಹುದು ಎಂದೇ ಬೆಸುಗೆಯವನನ್ನು ಕರೆಸಿದ್ದು.

ಬೆಸುಗೆಯವನು ಕೆಲಸ ಮುಗಿಸಿ, ಕಂಬಿಯನ್ನು ಎರಡೂ ಕೈಯಲ್ಲಿ ಅಲುಗಿಸಿ, "ನೋಡಿ ಸಾರ್, ಈಗ ಆನೆ ಒರಗಿದ್ರೂ ಅಲ್ಲಾಡಲ್ಲ. ಗಟ್ಟಿ ಆಯ್ತು" ಎಂದ. ಒಳ್ಳೆಯ ಕೆಲಸ ಎಂದೆ. ಅಷ್ಟರಲ್ಲಿ ಇವಳು ಹೊರಗೆ ಬಂದಳು. ಕಂಬಿ ಹಿಡಿದಳು. ಅಲುಗಿಸಿದಳು. ಸದ್ದಾಗಲಿಲ್ಲ. ಮತ್ತೆ ಅಲುಗಿಸಿದಳು.

"ಯಾರು ಹೇಳಿದ್ದು ನಿಮಗೆ? ಬಿಚ್ಚಿ ಅದನ್ನ! ಮೊದಲು ಹೇಗಿತ್ತೋ ಹಾಗೆ ಮಾಡಿ!"

ಬೆಸುಗೆಯವನು ಕಕ್ಕಾಬಿಕ್ಕಿಯಾದ. "ಅಮ್ಮಾ, ಬೆಸುಗೆ ಹಾಕಿದ್ದನ್ನ ಬಿಚ್ಚಕ್ಕಾಗುತ್ತಾ? ಸಡಿಲ ಮಾಡ್ಕೊಡಿ ಅಂತ ಕೇಳೋರನ್ನ ನಾನು ಇವತ್ತೇ ನೋಡಿದ್ದು."

ಎದುರುಮನೆಯವರು ಬಾಗಿಲಿಗೆ ಬಂದರು. ನಾನು ಬೆಸುಗೆಯವನ ಹತ್ತಿರ ಹೋಗಿ, "ತಪ್ಪು ತಿಳ್ಕೋಬೇಡಿ, ಅವಳಿಗೆ ಮೈ ಸರಿ ಇಲ್ಲ" ಎಂದೆ. ಮೆಲ್ಲಗೇ ಅಂದದ್ದು. ಇವಳಿಗೆ ಕೇಳಿಸಿತು.

"ನನ್ನ ಮೈ ಸರಿಯಾಗೇ ಇದೆ. ನನ್ನ ಮಗಳಿಲ್ಲ. ಅದನ್ನ ಹೇಳಕ್ಕೆ ಆಗಲ್ವಾ ನಿಮಗೆ?"

ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲೂ ಇಲ್ಲ. ನಾನು ಬೆಸುಗೆಯವನನ್ನು ಬೀದಿಯ ತುದಿಯವರೆಗೆ ಬಿಟ್ಟು ಬಂದೆ. ಯಾಕೆ ಬಿಟ್ಟು ಬಂದೆನೋ. ಅವನಿಗೆ ದಾರಿ ಗೊತ್ತಿತ್ತು.

ಮಾರ್ಚ್ 16, ಭಾನುವಾರ

ಭಾಮೈದ ಬಂದು ಅವನಕ್ಕನನ್ನು ಕರೆದುಕೊಂಡು ಹೋದ. ಇವಳೇ ಫೋನ್ ಮಾಡಿದ್ದಳು. ಒಂದು ಚೀಲ ಬಟ್ಟೆ, ಮಗುವಿನ ಶಾಲೆಯ ಸ್ವೆಟರ್.

ಭಾಮೈದ ನನಗಿಂತ ತುಂಬ ಚಿಕ್ಕವನು, ನನ್ನ ಮುಂದೆ ಕೂತು ಮಾತಾಡಿದವನಲ್ಲ. ಇವತ್ತು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡ. "ಭಾವ, ನಿಮ್ಮಿಬ್ಬರನ್ನ ಬೇರೆ ಮಾಡಕ್ಕೆ ಬಂದಿಲ್ಲ ನಾನು. ನಮ್ಮನೇಲಿ ಮಾತಾದ್ರೂ ಇರುತ್ತೆ ಅಂತ. ಅಕ್ಕ ಇಲ್ಲಿ ಉಸಿರು ಕಟ್ಟಿ ಸಾಯ್ತಾಳೆ."

"ಎಷ್ಟು ದಿನ?" ಎಂದೆ.

ಇವಳೇ ಉತ್ತರ ಕೊಟ್ಟಳು. "ಬರಬೇಕು ಅನ್ನಿಸಿದ್ರೆ ಬರ್ತೀನಿ. ಅನ್ನಿಸದೇ ಹೋದ್ರೆ ಅಲ್ಲೇ ಇರ್ತೀನಿ. ಇಲ್ಲಿ ನನಗೆ ಮಗಳೂ ಇಲ್ಲ, ಮಗಳ ಅಪ್ಪನೂ ಇಲ್ಲ. ಬೀಗದ ಕೈ ಇಟ್ಕೊಂಡಿರೋ ಯಾರೋ ಒಬ್ಬರು ಇದಾರೆ."

ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದಳು. ಸದ್ದಾಗಲಿಲ್ಲ.

ಹೋಗಲಿ. ಅವಳಿಗೆ ಒಳ್ಳೆಯದಾದರೆ ಸಾಕು. ನಾನು ಸರಿಯಾಗಿದ್ದೇನೆ.

ಮಾರ್ಚ್ 24, ಸೋಮವಾರ

ಬಾಗಿಸಿ ನೋಡುವ ಪರೀಕ್ಷೆ ಇವತ್ತು ಮುಗಿಯಿತು. ಬಿಸಿಗಾಳಿಗೆ ಹಾಕದ ಹೊಸ ಪಟ್ಟಿಯನ್ನು ಎರಡು ಕಂಬದ ಮೇಲೆ ಮಲಗಿಸಿ ನಡುವೆ ಮೇಲಿಂದ ಒತ್ತುವುದು. ಮೇಡಂ, ದೊಡ್ಡಣ್ಣ, ನಾನು ಮೂವರೂ ನಿಂತು ನೋಡಿದೆವು.

ಕಡಿಮೆ ಕಾಯಿಸಿದ್ದು ತುಂಬ ಭಾರ ಹೊತ್ತಿತು. ಕೊನೆಗೆ ಚಟೀರ್ ಎಂದು ಮುರಿಯಿತು. ದೊಡ್ಡಣ್ಣ ಬೆಚ್ಚಿ ಹಿಂದೆ ಸರಿದು, "ನಮ್ಮತ್ತೆ ಮಾತಾಡಿದ ಹಾಗೇ ಇದೆ" ಎಂದ. ನಡುವಿನದು ಒಂದಿಷ್ಟು ಕಡಿಮೆ ಹೊತ್ತಿತು. ಆಮೇಲೆ ನನಗೆ ಹಿಡಿಸಿದ್ದನ್ನು ಹಾಕಿದರು, ಗಾಳಿಗೆ ಜಗ್ಗದ ಬಗೆಯನ್ನು, ಹೆಚ್ಚು ಕಾಯಿಸಿದ್ದನ್ನು. ನಾನು ಚಟೀರ್ ಎನ್ನುವುದನ್ನು ಕಾಯುತ್ತಿದ್ದೆ. ಸದ್ದೇ ಬರಲಿಲ್ಲ. ಯಂತ್ರದ ಮುಳ್ಳು ಸ್ವಲ್ಪ ದೂರ ಹೋಗಿ ನಿಂತು ಇಳಿಯತೊಡಗಿತು. ತೆಗೆದು ನೋಡಿದರೆ ಒಳಗೆ ಪದರಗಳು ಹಳೆಯ ಪುಸ್ತಕದ ಹಾಳೆಗಳಂತೆ ಒಂದರಿಂದೊಂದು ಬಿಟ್ಟುಕೊಂಡಿದ್ದವು. ಯಾವಾಗ ಬಿಟ್ಟವೋ ಗೊತ್ತೇ ಆಗಲಿಲ್ಲ.

"ಹಾಗಾದ್ರೆ ಕೊನೆಗೆ ಯಾವುದು ಮೇಡಂ ಗಟ್ಟಿ?" ಎಂದು ದೊಡ್ಡಣ್ಣ ಕೇಳಿದ. "ಮೂರರಲ್ಲಿ ಒಂದು ಹೇಳ್ಬಿಡಿ, ಮನೆಗೆ ಹೋಗ್ತೀನಿ."

ಮೇಡಂ ನಕ್ಕರು. "ಯಾವುದಕ್ಕೆ ಗಟ್ಟಿ ಅಂತ ಮೊದಲು ಹೇಳಿ. ಗಾಳಿಗೋ, ಭಾರಕ್ಕೋ? ಎರಡಕ್ಕೂ ಅದೇ ಮಾತು ಹೇಳಿದ್ರೆ ನಾನೇನು ಹೇಳಲಿ?"

ಕೋಣೆ ಖಾಲಿಯಾದ ಮೇಲೂ ನಾನು ಆ ಪಟ್ಟಿ ಹಿಡಿದುಕೊಂಡು ಕೂತಿದ್ದೆ. ಉಗುರು ಹಾಕಿದರೆ ಪದರ ಏಳುತ್ತಿತ್ತು. ಗಾಳಿ ಇದನ್ನು ಏನೂ ಮಾಡಿರಲಿಲ್ಲ. ಆದದ್ದೆಲ್ಲ ಅದಕ್ಕೂ ಮೊದಲೇ, ಫರ್ನೇಸಿನೊಳಗೇ ಆಗಿತ್ತು.

ದೊಡ್ಡಣ್ಣ ಚೀಲ ಮರೆತಿದ್ದನೆಂದು ವಾಪಸ್ ಬಂದ. ಬಾಗಿಲಲ್ಲಿ ನಿಂತು, "ನಿನ್ನ ಕೂಸು ಒಂದ್ಸಲ ಇಲ್ಲಿಗೆ ಬಂದಾಗ ನನ್ನ ಟೋಪಿ ಹಾಕ್ಕೊಂಡು ಓಡಿಹೋಗಿತ್ತಲ್ಲ, ನೆನಪಿದೆಯಾ?" ಎಂದ.

ನೆನಪಿದೆ ಎಂದೆ. ಅಷ್ಟಕ್ಕೇ ಕೆಮ್ಮು ಬಂತು. ಪುಡಿ ಒಳಗೆ ಹೋಗಿರಬೇಕು. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿರಲಿಲ್ಲ.

ಏಪ್ರಿಲ್ 4, ಶುಕ್ರವಾರ

ಬೀಗದ ಕೈ ಹಾಕಿ ತೆಗೆದರೆ ಮನೆ ಬೆಳಿಗ್ಗೆ ಬಿಟ್ಟುಹೋದಂತೆಯೇ ಇರುತ್ತದೆ. ಲೋಟ ಇಟ್ಟಲ್ಲೇ. ಟವೆಲು ಹಾಕಿದಲ್ಲೇ. ಏನೂ ಹಾಳಾಗುವುದಿಲ್ಲ, ಏನೂ ಸರಿಯುವುದಿಲ್ಲ. ಫರ್ನೇಸಿನ ಒಳಗೆ ಹೀಗೇ ಇರಬಹುದು.

ನಾನು ಯಾಕೆ ಕೂಗುವುದಿಲ್ಲ ಎಂದು ಇವಳು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ಇಲ್ಲಿ ಬರೆಯುತ್ತೇನೆ, ಯಾರೂ ಓದುವುದಿಲ್ಲ.

ಆಸ್ಪತ್ರೆಯಲ್ಲಿ ಜ್ವರ ತಲೆಗೇರಿ ಮಗಳು ಕಣ್ಣು ಮುಚ್ಚಿದ್ದಳು. ಕರೆದು ನೋಡಿ, ಕೆಲವು ಸಲ ಕೇಳಿಸುತ್ತೆ ಎಂದಳು ನರ್ಸಮ್ಮ. ಇವಳು ಕರೆದಳು. ನಾನು ಕರೆಯಲಿಲ್ಲ. ನನ್ನ ಕೂಗಿಗೆ ಮಗಳು ಬರದೇ ಇದ್ದದ್ದೇ ಇಲ್ಲ. ಸ್ನಾನಕ್ಕೆ ಕೂತಿದ್ದರೂ ಒದ್ದೆ ತಲೆಯಲ್ಲಿ ಓಡಿ ಬರುತ್ತಿದ್ದಳು. ಕೂಗಿ, ಬರದೇ ಹೋದರೆ, ಅಲ್ಲಿಗೆ ಮುಗಿಯಿತು. ಕೂಗದೇ ಇದ್ದರೆ ಅದೊಂದು ಬಾಕಿ ಇರುತ್ತದೆ. ಈಗಲೂ ಬಾಕಿ ಇಟ್ಟುಕೊಂಡಿದ್ದೇನೆ. ಇದು ಹುಚ್ಚು ಎಂದು ನನಗೂ ಗೊತ್ತು.

ಅಡುಗೆ ಮಾಡಲಿಲ್ಲ. ಹಸಿವೂ ಇಲ್ಲ. ಹೀಗೇ ಇದ್ದುಬಿಟ್ಟರೆ ಯಾರಿಗೂ ತೊಂದರೆ ಇಲ್ಲ.

ಏಪ್ರಿಲ್ 9, ಬುಧವಾರ

ಮೇಡಂ ನಡುವಿನದನ್ನೇ ಆರಿಸಿದರು. ಎರಡರಲ್ಲೂ ಒಂದಷ್ಟು ಸೋತದ್ದು ಅದು. ಅದರ ಮೇಲೆ ಗಾಳಿ ತಡೆಯುವ ಲೇಪ ಹಚ್ಚಿ ನೋಡುತ್ತಾರಂತೆ. ಕೆಲಸ ಇನ್ನೂ ಇದೆ ಎಂದಾಯಿತು.

ಟೈಲರಮ್ಮ ಮಜ್ಜಿಗೆ ತಂದುಕೊಟ್ಟರು. "ಹೋಗಿ ಕರ್ಕೊಂಡು ಬಾರಪ್ಪಾ. ಗಂಡಸು ಅಂದ್ಮೇಲೆ ಒಂದು ಹೆಜ್ಜೆ ಇಡಕ್ಕಾಗಲ್ವಾ?" ಎಂದರು. ಹೋಗಿ ಏನು ಹೇಳಲಿ ಎಂದೆ. ಅವರು ನನ್ನ ಮುಖ ನೋಡಿ, "ಅದನ್ನೂ ನಾನೇ ಹೊಲ್ಕೊಡ್ಬೇಕಾ?" ಎಂದರು.

ಏಪ್ರಿಲ್ 13, ಭಾನುವಾರ

ಭಾಮೈದನ ಮನೆಗೆ ಹೋದೆ. ಹೇಳಲು ಮಾತು ಜೋಡಿಸಿಕೊಂಡಿದ್ದೆ. ಆರೋಗ್ಯ ಹೇಗಿದೆ ಎಂದು ಕೇಳುವುದು, ಟೈಲರಮ್ಮ ಕೇಳಿದರು ಎನ್ನುವುದು, ನಿನಗೆ ಬರಬೇಕು ಅನ್ನಿಸಿದರೆ ಬಾ ಎನ್ನುವುದು. ಬಸ್ಸಿನಲ್ಲಿ ಅದನ್ನೇ ಹಿಂದುಮುಂದು ಮಾಡುತ್ತ ಕೂತಿದ್ದೆ.

ಅವರದೂ ಮೇಲಿನ ಮನೆ. ಕೆಳಗಿನ ಗೇಟಿಗೆ ಬೀಗ. ಬೆಲ್ ಒತ್ತಿದೆ, ಸದ್ದಾಗಲಿಲ್ಲ. ಕರೆಂಟ್ ಇರಲಿಲ್ಲ. ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಬಿಸಿಲು ಸುಡುತ್ತಿತ್ತು. ಮೇಲೆ ಕಿಟಕಿ ತೆರೆದಿತ್ತು, ಪಾತ್ರೆಯ ಸದ್ದು ಕೇಳುತ್ತಿತ್ತು. ಜೇಬಿಗೆ ಕೈ ಹಾಕಿದೆ. ನಮ್ಮ ಮನೆಯ ಬೀಗದ ಕೈ ಸಿಕ್ಕಿತು, ಅದು ಇಲ್ಲಿ ಯಾವ ಕೆಲಸಕ್ಕೂ ಬಾರದು.

ರಸ್ತೆಯ ನಡುವಿಗೆ ಬಂದು ಭಾಮೈದನನ್ನು ಕೂಗೋಣ ಎಂದು ತಲೆ ಎತ್ತಿದೆ.

"ಏ ಮಿಡತೇ! ಬಾಗಿಲು ತೆಗಿ!"

ಬಾಯಿಂದ ಬಂದದ್ದು ಅದು. ಯಾಕೆ ಬಂತೋ ಗೊತ್ತಿಲ್ಲ. ನಿಂತ ಭಂಗಿ ಅದೇ ಆಗಿತ್ತಲ್ಲ, ಅದಕ್ಕಿರಬೇಕು. ಮೇಲೆ ಪಾತ್ರೆಯ ಸದ್ದು ನಿಂತಿತು. ಬೀದಿಯ ಮಕ್ಕಳು ಆಟ ನಿಲ್ಲಿಸಿ ನೋಡಿದರು. ನಾನು ಮತ್ತೆ ಕೂಗಿದೆ. ಈ ಸಲ ಬೇಕೆಂದೇ ಕೂಗಿದೆ. ಮೊದಲಿನಷ್ಟೇ ಗಟ್ಟಿಯಾಗಿ.

"ಏ ಮಿಡತೇ!"

ಯಾರೂ ಹಾರಿಕೊಂಡು ಬರಲಿಲ್ಲ. ನಾನು ಕಾದೆ. ಮೆಟ್ಟಿಲು ಕಾಣುತ್ತಿತ್ತು, ಖಾಲಿ. ಬರುವುದಿಲ್ಲ. ಮಗಳು ಇನ್ನು ಬರುವುದಿಲ್ಲ.

ಆಮೇಲೆ ಗೇಟಿನ ಕಂಬ ಹಿಡಿದುಕೊಂಡೆನೋ ಅಥವಾ ಕುಸಿದೆನೋ. ಇವಳು ಯಾವಾಗ ಇಳಿದು ಬಂದು ಬೀಗ ತೆಗೆದಳೋ ಗೊತ್ತಾಗಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದೆವು. ಅವಳ ಕೈಯಲ್ಲಿ ಸೋಪಿನ ನೊರೆ ಇತ್ತು, ಅದೇ ಕೈಯಲ್ಲಿ ನನ್ನ ಅಂಗಿಯ ಕಾಲರ್ ಹಿಡಿದುಕೊಂಡಿದ್ದಳು, ಬಿಟ್ಟರೆ ಹಾರಿಹೋಗುತ್ತೇನೆ ಎನ್ನುವ ಹಾಗೆ. ಇಬ್ಬರೂ ಅತ್ತೆವು. ನಾನು ಅಷ್ಟು ಸದ್ದು ಮಾಡಿ ಅಳುತ್ತೇನೆ ಎಂದು ನನಗೆ ಗೊತ್ತಿರಲಿಲ್ಲ. ಜನ ಸೇರಿದರು. "ಏನಾಯ್ತು? ಯಾರಿವರು?" ಎಂದು ಪಕ್ಕದ ಮನೆಯಾಕೆ ಕೇಳಿದರು. ಭಾಮೈದ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ. ಅವನಾದರೂ ಮೈ ಸರಿ ಇಲ್ಲ, ಏನಿಲ್ಲ ಹೋಗಿ ಎಂದು ಅವರನ್ನು ಸಾಗಹಾಕುತ್ತಾನೆ ಅಂದುಕೊಂಡೆ.

"ನಮ್ಮ ಭಾವ" ಎಂದ. "ಮಗಳನ್ನ ಕರೀತಿದಾರೆ."

ಇವಳು ಮನೆಗೆ ಬಂದಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಜೋಡಿಸಿಕೊಂಡು ಹೋಗಿದ್ದ ಮಾತು ಒಂದೂ ಆಡಲಾಗಲಿಲ್ಲ. ಮಗಳು ಇಲ್ಲ. ಅದರಲ್ಲಿ ಏನೂ ಬದಲಾಗಿಲ್ಲ. ಬಸ್ಸಿನಲ್ಲಿ ಬರುವಾಗ ಗಂಟಲು ಉರಿಯುತ್ತಿತ್ತು, ಈಗಲೂ ಉರಿಯುತ್ತಿದೆ. ಸಂಜೆ ಅನ್ನ ಮಾಡಿ ಉಂಡೆ.

ಹೊರಡುವಾಗ ಗೇಟಿನವರೆಗೂ ಬಂದಳು. ಕರೆಂಟ್ ಬಂದಿತ್ತು.

"ಮುಂದಿನ ಭಾನುವಾರ ಬಂದಾಗ ಬೆಲ್ ಒತ್ತಬೇಡಿ" ಎಂದಳು.